ಡ್ಯಾರೆನ್ ಕಾಹಿಲ್

ಡ್ಯಾರೆನ್ ಕಾಹಿಲ್ (ಜನನ: 2 ಅಕ್ಟೋಬರ್ 1965) ಆಸ್ಟ್ರೇಲಿಯಾದ ಮಾಜಿ ವೃತ್ತಿಪರ ಟೆನಿಸ್ ಆಟಗಾರ, ತರಬೇತುದಾರ ಹಾಗೂ ದೂರದರ್ಶನ ವಿಶ್ಲೇಷಕರು. ಆಟಗಾರರಾಗಿ ಅವರು ಸಿಂಗಲ್ಸ್ ವಿಭಾಗದಲ್ಲಿ ತಲುಪಿದ ಅತ್ಯುನ್ನತ ವಿಶ್ವ ಕ್ರಮಾಂಕ 22. ತರಬೇತುದಾರರಾಗಿ ಅವರ ಸಾಧನೆ ಇದಕ್ಕಿಂತ ಬಹಳ ದೊಡ್ಡದು. ಲೇಟನ್ ಹೆವಿಟ್, ಆಂಡ್ರೆ ಅಗಾಸಿ, ಸಿಮೋನಾ ಹಾಲೆಪ್ ಮತ್ತು ಯಾನಿಕ್ ಸಿನ್ನರ್ ಎಂಬ ನಾಲ್ವರು ಅವರ ಮಾರ್ಗದರ್ಶನದಲ್ಲಿದ್ದಾಗ ವಿಶ್ವದ ಮೊದಲನೆಯ ಸ್ಥಾನಕ್ಕೇರಿದರು. ಈ ನಾಲ್ವರು ವಯಸ್ಸು, ಸ್ವಭಾವ, ಆಟದ ಶೈಲಿ ಇವೆಲ್ಲವುಗಳಲ್ಲಿಯೂ ಒಬ್ಬರಿಗಿಂತ ಒಬ್ಬರು ಭಿನ್ನರಾದವರು.

ಆರಂಭಿಕ ಜೀವನ

ಕಾಹಿಲ್ ಅವರು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ರಾಜಧಾನಿ ಅಡಿಲೇಡ್ ನಗರದಲ್ಲಿ ಜನಿಸಿದರು. ಅವರ ತಂದೆ ಜಾನ್ ಕಾಹಿಲ್ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಕ್ರೀಡೆಯಲ್ಲಿ ಪೋರ್ಟ್ ಅಡಿಲೇಡ್ ತಂಡದ ಆಟಗಾರರಾಗಿ, ನಂತರ ಅದೇ ತಂಡದ ಯಶಸ್ವಿ ತರಬೇತುದಾರರಾಗಿ ಹೆಸರಾದವರು. ಹೀಗೆ ತರಬೇತಿಯ ವೃತ್ತಿ ಕಾಹಿಲ್ ಅವರಿಗೆ ಮನೆಯಲ್ಲಿಯೇ ಪರಿಚಿತವಾಗಿತ್ತು. ಟೆನಿಸ್‌ನಲ್ಲಿ ಅವರು ಅಡಿಲೇಡ್‌ನ ಪ್ರಸಿದ್ಧ ತರಬೇತುದಾರ ಪೀಟರ್ ಸ್ಮಿತ್ ಅವರಲ್ಲಿ ಪಳಗಿದರು. ಮುಂದೆ ಲೇಟನ್ ಹೆವಿಟ್ ಅವರೂ ಇದೇ ಗುರುವಿನ ಬಳಿ ಕಲಿತರು.

ಆಟಗಾರರಾಗಿ ವೃತ್ತಿಜೀವನ

ಕಾಹಿಲ್ 1984ರಲ್ಲಿ ವೃತ್ತಿಪರ ಟೆನಿಸ್ ಪ್ರವೇಶಿಸಿದರು. 1988 ಅವರ ಪಾಲಿಗೆ ಅತ್ಯಂತ ಮಹತ್ವದ ವರ್ಷ. ಆ ವರ್ಷ ಸ್ವಿಟ್ಜರ್ಲೆಂಡಿನ ಗ್‌ಸ್ಟಾಡ್‌ನಲ್ಲಿ ನಡೆದ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಯಾಕೊಬ್ ಹ್ಲಾಸೆಕ್ ಅವರನ್ನು ಸೋಲಿಸಿ ಮೊದಲ ಸಿಂಗಲ್ಸ್ ಪ್ರಶಸ್ತಿ ಗಳಿಸಿದರು. ಅದೇ ವರ್ಷ ಯು.ಎಸ್. ಓಪನ್‌ನ ಎರಡನೆಯ ಸುತ್ತಿನಲ್ಲಿ ಎರಡು ಬಾರಿಯ ವಿಂಬಲ್ಡನ್ ವಿಜೇತ ಬೋರಿಸ್ ಬೆಕರ್ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದ್ದು ಟೆನಿಸ್ ಲೋಕವನ್ನು ಅಚ್ಚರಿಗೊಳಿಸಿತು. ಕ್ವಾರ್ಟರ್ ಫೈನಲ್‌ನಲ್ಲಿ ಆರನ್ ಕ್ರಿಕ್‌ಸ್ಟೀನ್ ಅವರನ್ನು ಐದು ಸೆಟ್‌ಗಳ ಹೋರಾಟದಲ್ಲಿ ಸೋಲಿಸಿದ ಕಾಹಿಲ್, ಸೆಮಿಫೈನಲ್‌ನಲ್ಲಿ ಸ್ವೀಡನ್ನಿನ ಮ್ಯಾಟ್ಸ್ ವಿಲಾಂಡರ್ ಅವರಿಗೆ ಶರಣಾದರು. ವಿಲಾಂಡರ್ ಆ ಸಲದ ಪ್ರಶಸ್ತಿಯನ್ನೂ ಗೆದ್ದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಕಾಹಿಲ್ ಅವರ ಶ್ರೇಷ್ಠ ಸಾಧನೆ ಇದೇ ಆಗಿ ಉಳಿಯಿತು.

1989ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅವರು ಮಾರ್ಕ್ ಕ್ರಾಟ್ಜ್‌ಮನ್ ಜೊತೆಗೂಡಿ ಡಬಲ್ಸ್ ಅಂತಿಮ ಪಂದ್ಯ ತಲುಪಿದರು. ಅಲ್ಲಿ ಅಮೆರಿಕದ ರಿಕ್ ಲೀಚ್ ಮತ್ತು ಜಿಮ್ ಪ್ಯೂ ಜೋಡಿ ಜಯಗಳಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕಾಹಿಲ್ ಸಿಂಗಲ್ಸ್‌ನ 22ನೆಯ ಕ್ರಮಾಂಕ ಮುಟ್ಟಿದರು. ಡಬಲ್ಸ್‌ನಲ್ಲಿ ಅವರ ಅತ್ಯುನ್ನತ ಕ್ರಮಾಂಕ 10. 1990ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ನಡೆದ ಡೇವಿಸ್ ಕಪ್ ಅಂತಿಮ ಹಣಾಹಣಿಯಲ್ಲಿ ಅವರು ಆಸ್ಟ್ರೇಲಿಯಾ ತಂಡದಲ್ಲಿದ್ದರು. ಅಲ್ಲಿ ಅಮೆರಿಕ 3-2ರಿಂದ ಗೆದ್ದಿತು. ಎದುರಾಳಿ ತಂಡದಲ್ಲಿ ಮುಂದೆ ಅವರ ಶಿಷ್ಯರಾಗಲಿದ್ದ ಆಂಡ್ರೆ ಅಗಾಸಿ ಇದ್ದರು. 1991ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಬ್ರ್ಯಾಡ್ ಗಿಲ್ಬರ್ಟ್ ಅವರನ್ನು ಸೋಲಿಸಿ ಎರಡನೆಯ ಹಾಗೂ ಕೊನೆಯ ಸಿಂಗಲ್ಸ್ ಪ್ರಶಸ್ತಿ ಪಡೆದರು.

ಅಲ್ಲಿಂದ ಮುಂದೆ ಮೊಣಕಾಲಿನ ಗಾಯ ಅವರ ಆಟವನ್ನು ಕುಂಠಿತಗೊಳಿಸಿತು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಹಿಂದಿನ ಲಯ ಮರಳಲಿಲ್ಲ. ಮೂವತ್ತು ವರ್ಷ ತುಂಬುವ ಹೊತ್ತಿಗೆ ಅವರ ಆಟದ ಬದುಕು ಮುಗಿದಿತ್ತು. ಒಟ್ಟು 2 ಸಿಂಗಲ್ಸ್ ಮತ್ತು 13 ಡಬಲ್ಸ್ ಪ್ರಶಸ್ತಿಗಳು ಅವರ ಹೆಸರಿನಲ್ಲಿವೆ.

ತರಬೇತುದಾರರಾಗಿ

ಲೇಟನ್ ಹೆವಿಟ್ (2001ರವರೆಗೆ)

ಕಾಹಿಲ್ ಅವರ ಮೊದಲ ಪ್ರಮುಖ ಶಿಷ್ಯ ತಮ್ಮದೇ ಊರಿನ ಲೇಟನ್ ಹೆವಿಟ್. 1998ರ ಜನವರಿಯಲ್ಲಿ 16ರ ಹರೆಯದ ಹೆವಿಟ್ ಅಡಿಲೇಡ್ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಅಗಾಸಿಯವರನ್ನು ಸೋಲಿಸಿ, ಪ್ರಶಸ್ತಿಯನ್ನೂ ಗೆದ್ದು ಬೆಳಕಿಗೆ ಬಂದಿದ್ದರು. ಎತ್ತರದ ಆಳಲ್ಲದ, ಬಲವಾದ ಸರ್ವ್ ಇಲ್ಲದ ಈ ತರುಣನ ಶಕ್ತಿಯೆಲ್ಲ ಓಟದಲ್ಲಿ, ಚೆಂಡನ್ನು ಹಿಂದಿರುಗಿಸುವ ಕೌಶಲದಲ್ಲಿ ಮತ್ತು ಬಿಟ್ಟುಕೊಡದ ಛಲದಲ್ಲಿತ್ತು. 2001ರ ಯು.ಎಸ್. ಓಪನ್ ಅಂತಿಮ ಪಂದ್ಯದಲ್ಲಿ ಹೆವಿಟ್ ಅವರು ಪೀಟ್ ಸಾಂಪ್ರಸ್ ಅವರನ್ನು 7-6, 6-1, 6-1ರಿಂದ ಸೋಲಿಸಿದರು. ಅದೇ ನವೆಂಬರ್‌ನಲ್ಲಿ 20ನೆಯ ವಯಸ್ಸಿನಲ್ಲಿ ವಿಶ್ವದ ಅಗ್ರ ಸ್ಥಾನಕ್ಕೇರಿ, ಪುರುಷರಲ್ಲಿ ಆ ಸ್ಥಾನ ಪಡೆದ ಅತಿ ಕಿರಿಯರೆನಿಸಿದರು. ಈ ದಾಖಲೆಯನ್ನು 2022ರಲ್ಲಿ ಸ್ಪೇನಿನ ಕಾರ್ಲೋಸ್ ಅಲ್ಕರಾಝ್ ಮುರಿದರು. 2001ರ ಅಂತ್ಯಕ್ಕೆ, ಯಶಸ್ಸಿನ ಶಿಖರದಲ್ಲಿರುವಾಗಲೇ, ಗುರು ಶಿಷ್ಯರು ಬೇರೆಯಾದರು.

ಆಂಡ್ರೆ ಅಗಾಸಿ (2002–2006)

2002ರಲ್ಲಿ ಕಾಹಿಲ್ ಅವರು ಬ್ರ್ಯಾಡ್ ಗಿಲ್ಬರ್ಟ್ ಅವರ ಸ್ಥಾನದಲ್ಲಿ ಅಗಾಸಿಯವರ ತರಬೇತುದಾರರಾದರು. ಆಗ ಅಗಾಸಿಯವರಿಗೆ ಮೂವತ್ತು ದಾಟಿತ್ತು. ಏಳು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳನ್ನು ಅವರು ಈಗಾಗಲೇ ಗೆದ್ದಿದ್ದರು. ಹೆವಿಟ್ ಅವರ ಮಟ್ಟಿಗೆ ಕೆಲಸ ಬೆಳೆಸುವುದಾಗಿದ್ದರೆ, ಇಲ್ಲಿ ಇರುವುದನ್ನು ಕಾಪಾಡಿಕೊಂಡು ಸರಿಯಾದ ಸಮಯದಲ್ಲಿ ಬಳಸುವುದಾಗಿತ್ತು. 2002ರ ಯು.ಎಸ್. ಓಪನ್ ಸೆಮಿಫೈನಲ್‌ನಲ್ಲಿ ಕಾಹಿಲ್ ಅವರ ಹೊಸ ಶಿಷ್ಯ ಹಳೆಯ ಶಿಷ್ಯನನ್ನು ಸೋಲಿಸಿದರು. ಅಂತಿಮ ಪಂದ್ಯದಲ್ಲಿ ಸಾಂಪ್ರಸ್ ಗೆದ್ದರು. 2003ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ರೈನರ್ ಶೂಟ್ಲರ್ ಅವರನ್ನು ಮಣಿಸಿ ಅಗಾಸಿ ಎಂಟನೆಯ ಹಾಗೂ ಕೊನೆಯ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗಳಿಸಿದರು. ಅದೇ ಏಪ್ರಿಲ್‌ನಲ್ಲಿ ಹೆವಿಟ್ ಅವರನ್ನೇ ಹಿಂದಿಕ್ಕಿ ಅವರು ಮೊದಲನೆಯ ಸ್ಥಾನಕ್ಕೆ ಮರಳಿದರು. 33ನೆಯ ವಯಸ್ಸಿನಲ್ಲಿ ಆ ಸ್ಥಾನದಲ್ಲಿದ್ದ ಅವರು ಪುರುಷರಲ್ಲಿ ಅದುವರೆಗಿನ ಅತಿ ಹಿರಿಯ ಅಗ್ರ ಆಟಗಾರರೆನಿಸಿದರು. 2018ರಲ್ಲಿ ರೋಜರ್ ಫೆಡರರ್ ಈ ದಾಖಲೆಯನ್ನು ಮೀರಿದರು.

ಹೀಗೆ ಎರಡು ವರ್ಷಗಳೊಳಗೆ ಅತಿ ಕಿರಿಯ ಮತ್ತು ಅತಿ ಹಿರಿಯ ಎಂಬ ಎರಡೂ ದಾಖಲೆಗಳ ಹಿಂದೆ ಒಬ್ಬರೇ ತರಬೇತುದಾರರಿದ್ದರು. ಬೆನ್ನುನೋವಿನ ನಡುವೆಯೂ ಅಗಾಸಿ 35ನೆಯ ವಯಸ್ಸಿನಲ್ಲಿ 2005ರ ಯು.ಎಸ್. ಓಪನ್ ಅಂತಿಮ ಪಂದ್ಯ ತಲುಪಿ ಫೆಡರರ್ ಅವರಿಗೆ ಸೋತರು. 2006ರಲ್ಲಿ ಅವರು ನಿವೃತ್ತರಾಗುವವರೆಗೂ ಕಾಹಿಲ್ ಜೊತೆಗಿದ್ದರು.

ಮಧ್ಯಂತರ ಅವಧಿ

2007ರಿಂದ ಕಾಹಿಲ್ ಅಮೆರಿಕದ ಇಎಸ್‌ಪಿಎನ್ ವಾಹಿನಿಯಲ್ಲಿ ಟೆನಿಸ್ ವಿಶ್ಲೇಷಕರಾಗಿ ಕಾಣಿಸಿಕೊಂಡರು. 2009ರ ಆರಂಭದಲ್ಲಿ ದುಬೈನಲ್ಲಿ ಕೆಲವು ದಿನ ಫೆಡರರ್ ಅವರೊಂದಿಗೆ ಪ್ರಾಯೋಗಿಕವಾಗಿ ಅಭ್ಯಾಸದಲ್ಲಿ ತೊಡಗಿದರಾದರೂ ಅದು ಮುಂದುವರಿಯಲಿಲ್ಲ. ಅನಂತರ ಅಡಿಡಾಸ್ ಸಂಸ್ಥೆಯ ಆಟಗಾರರ ಅಭಿವೃದ್ಧಿ ಯೋಜನೆಯಲ್ಲಿ ಹಲವು ವರ್ಷ ಕೆಲಸ ಮಾಡಿದರು. ಸಂಸ್ಥೆಯ ಪ್ರಾಯೋಜಕತ್ವ ಹೊಂದಿದ್ದ ಆಟಗಾರರು ಅಗತ್ಯವಿದ್ದಾಗ ಈ ಯೋಜನೆಯ ತರಬೇತುದಾರರ ನೆರವು ಪಡೆಯಬಹುದಾಗಿತ್ತು. ಆಂಡಿ ಮರ್ರೆ, ಅನಾ ಇವಾನೊವಿಚ್ ಮೊದಲಾದವರಿಗೆ ಕಾಹಿಲ್ ಈ ರೀತಿ ಸಲಹೆ ನೀಡಿದರು. ಹಾಲೆಪ್ ಅವರೊಂದಿಗಿನ ಸಂಪರ್ಕವೂ ಇಲ್ಲಿಂದಲೇ ಬೆಳೆಯಿತು.

ಸಿಮೋನಾ ಹಾಲೆಪ್

ರೊಮೇನಿಯಾದ ಸಿಮೋನಾ ಹಾಲೆಪ್ ಅವರಿಗೆ ಕಾಹಿಲ್ 2016ರಿಂದ ಪೂರ್ಣಾವಧಿ ತರಬೇತುದಾರರಾದರು. ಹಾಲೆಪ್ ಅವರ ಪ್ರತಿಭೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಆದರೆ ಪಂದ್ಯ ಕೈಮೀರುವಂತೆ ಕಂಡಾಗ ತಮ್ಮ ಮೇಲೆಯೇ ಸಿಟ್ಟಾಗಿ ಹೋರಾಟ ಕೈಬಿಡುವ ಪ್ರವೃತ್ತಿ ಅವರನ್ನು ಕಾಡುತ್ತಿತ್ತು. ಗ್ರ್ಯಾಂಡ್ ಸ್ಲಾಮ್‌ಗಳನ್ನು ಹೊರತುಪಡಿಸಿ ಮಹಿಳಾ ಪ್ರವಾಸದ ಪಂದ್ಯಾವಳಿಗಳಲ್ಲಿ ಆಗ ತರಬೇತುದಾರರು ಅಂಕಣಕ್ಕೆ ಬಂದು ಮಾತನಾಡಲು ಅವಕಾಶವಿತ್ತು. 2017ರ ಮಯಾಮಿ ಪಂದ್ಯಾವಳಿಯಲ್ಲಿ ಜೊಹಾನಾ ಕೊಂಟಾ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಕಾಹಿಲ್ ಹೀಗೆ ಬಂದು ಮಾತನಾಡಿದರೂ ಹಾಲೆಪ್ ಅವರ ಧೋರಣೆ ಬದಲಾಗಲಿಲ್ಲ. ಪಂದ್ಯ ಸೋತ ಬಳಿಕ ಕಾಹಿಲ್ ತರಬೇತಿಯಿಂದ ಹಿಂದೆ ಸರಿದರು. ಆಟದಲ್ಲಿ ದೋಷವಿದೆ ಎಂಬುದು ಇದಕ್ಕೆ ಕಾರಣವಲ್ಲ, ಮನೋಭಾವವೇ ಕಾರಣ ಎಂಬುದು ಹಾಲೆಪ್ ಅವರಿಗೆ ಆಘಾತ ತಂದಿತು. ತಮ್ಮನ್ನು ತಿದ್ದಿಕೊಳ್ಳಲು ಅವರು ಶ್ರಮಿಸಿದರು. ಕೆಲವೇ ವಾರಗಳಲ್ಲಿ ಕಾಹಿಲ್ ಮರಳಿದರು.

ಆದರೆ ಫಲ ಕೂಡಲೇ ದೊರೆಯಲಿಲ್ಲ. 2017ರ ಫ್ರೆಂಚ್ ಓಪನ್ ಅಂತಿಮ ಪಂದ್ಯದಲ್ಲಿ ಹಾಲೆಪ್ ಒಂದು ಸೆಟ್ ಗೆದ್ದು ಎರಡನೆಯದರಲ್ಲಿ 3-0 ಮುಂದಿದ್ದರೂ ಲಾಟ್ವಿಯಾದ ಯೆಲೆನಾ ಒಸ್ಟಪೆಂಕೊ ಅವರಿಗೆ ಸೋತರು. ಅಕ್ಟೋಬರ್‌ನಲ್ಲಿ ವಿಶ್ವದ ಅಗ್ರ ಸ್ಥಾನಕ್ಕೇರಿದ ಮೊದಲ ರೊಮೇನಿಯಾ ಮಹಿಳೆ ಎನಿಸಿದರು. 2018ರ ಆಸ್ಟ್ರೇಲಿಯನ್ ಓಪನ್ ಅಂತಿಮ ಪಂದ್ಯದಲ್ಲಿ ಕ್ಯಾರೊಲಿನ್ ವೋಜ್ನಿಯಾಕಿ ಎದುರು ಮತ್ತೆ ಸೋಲು. ಇದು ಅವರ ಮೂರನೆಯ ಗ್ರ್ಯಾಂಡ್ ಸ್ಲಾಮ್ ಅಂತಿಮ ಪಂದ್ಯದ ಸೋಲು. ಕೊನೆಗೆ 2018ರ ಫ್ರೆಂಚ್ ಓಪನ್‌ನಲ್ಲಿ ಮೊದಲ ಸೆಟ್ ಕಳೆದುಕೊಂಡು ಹಿಂದೆ ಬಿದ್ದಿದ್ದರೂ ಸ್ಲೋನ್ ಸ್ಟೀಫನ್ಸ್ ಅವರನ್ನು 3-6, 6-4, 6-1ರಿಂದ ಸೋಲಿಸಿ ಪ್ರಶಸ್ತಿ ಎತ್ತಿಹಿಡಿದರು. ಹಿಂದೆ ಇಂತಹ ಸ್ಥಿತಿಯಲ್ಲಿ ಕುಸಿಯುತ್ತಿದ್ದ ಆಟಗಾರ್ತಿ ಇಲ್ಲಿ ನಿಂತು ಆಡಿದ್ದರು.

ಕುಟುಂಬದೊಂದಿಗೆ ಇರಲು ಕಾಹಿಲ್ 2019ರಲ್ಲಿ ಬಿಡುವು ಪಡೆದರು. ಆ ವರ್ಷ ಹಾಲೆಪ್ ವಿಂಬಲ್ಡನ್ ಗೆದ್ದಾಗ ತರಬೇತುದಾರರಾಗಿದ್ದವರು ಡೇನಿಯಲ್ ಡೊಬ್ರೆ. ನಂತರ ಮತ್ತೆ ಒಂದಾದ ಕಾಹಿಲ್ ಮತ್ತು ಹಾಲೆಪ್ 2021ರ ಸೆಪ್ಟೆಂಬರ್‌ನಲ್ಲಿ ಬೇರೆಯಾದರು. 2022ರ ಆರಂಭದಲ್ಲಿ ಕಾಹಿಲ್ ಅಲ್ಪಕಾಲ ಅಮೆರಿಕದ ಅಮಾಂಡಾ ಅನಿಸಿಮೋವಾ ಅವರಿಗೆ ತರಬೇತಿ ನೀಡಿದರು.

ಯಾನಿಕ್ ಸಿನ್ನರ್

2022ರ ವಿಂಬಲ್ಡನ್ ವೇಳೆಗೆ ಕಾಹಿಲ್ ಇಟಲಿಯ ಯಾನಿಕ್ ಸಿನ್ನರ್ ಅವರ ತಂಡ ಸೇರಿದರು. ಅಲ್ಲಿ ಸಿಮೋನೆ ವಾನ್ಯೋಟ್ಸಿ ಎಂಬ ಇಟಲಿಯ ತರಬೇತುದಾರರು ಮೊದಲೇ ಇದ್ದರು. ತಾಂತ್ರಿಕ ತಿದ್ದುಪಡಿಗಳನ್ನು ಹೆಚ್ಚಾಗಿ ವಾನ್ಯೋಟ್ಸಿ ನೋಡಿಕೊಂಡರೆ, ದೊಡ್ಡ ಪಂದ್ಯಗಳ ಅನುಭವ ಮತ್ತು ಮಾನಸಿಕ ಸಿದ್ಧತೆ ಕಾಹಿಲ್ ಅವರ ಪಾಲಿಗೆ ಬಂದಿತು.

2023ರ ನವೆಂಬರ್‌ನಲ್ಲಿ ಡೇವಿಸ್ ಕಪ್ ಸೆಮಿಫೈನಲ್‌ನಲ್ಲಿ ಸಿನ್ನರ್ ಅವರು ನೊವಾಕ್ ಜೊಕೊವಿಚ್ ಎದುರು ಮೂರು ಮ್ಯಾಚ್ ಪಾಯಿಂಟ್‌ಗಳಿಂದ ಪಾರಾಗಿ ಗೆದ್ದರು. ಅಂತಿಮ ಹಣಾಹಣಿಯಲ್ಲಿ ಇಟಲಿ ಆಸ್ಟ್ರೇಲಿಯಾವನ್ನು ಸೋಲಿಸಿ 1976ರ ನಂತರ ಮೊದಲ ಬಾರಿಗೆ ಕಪ್ ಗೆದ್ದಿತು. ಸೋತ ಆಸ್ಟ್ರೇಲಿಯಾ ತಂಡದ ನಾಯಕ ಕಾಹಿಲ್ ಅವರ ಮೊದಲ ಶಿಷ್ಯ ಹೆವಿಟ್. 2024ರ ಆಸ್ಟ್ರೇಲಿಯನ್ ಓಪನ್ ಅಂತಿಮ ಪಂದ್ಯದಲ್ಲಿ ಮೊದಲ ಎರಡು ಸೆಟ್ ಸೋತ ಸಿನ್ನರ್, ಡೇನಿಯಲ್ ಮೆಡ್ವೆಡೆವ್ ಅವರನ್ನು ಐದು ಸೆಟ್‌ಗಳಲ್ಲಿ ಮಣಿಸಿದರು. ಜೂನ್‌ನಲ್ಲಿ ವಿಶ್ವದ ಅಗ್ರ ಸ್ಥಾನ ಪಡೆದ ಮೊದಲ ಇಟಲಿ ಆಟಗಾರರಾದರು. ಬಳಿಕ 2024ರ ಯು.ಎಸ್. ಓಪನ್ ಮತ್ತು 2025ರ ಆಸ್ಟ್ರೇಲಿಯನ್ ಓಪನ್ ಕೂಡ ಅವರ ಪಾಲಾದವು.

ಈ ಅವಧಿ ನಿರಾತಂಕವಾಗಿರಲಿಲ್ಲ. 2024ರ ಮಾರ್ಚ್‌ನಲ್ಲಿ ಸಿನ್ನರ್ ಅವರ ಮಾದರಿಗಳಲ್ಲಿ ಕ್ಲೋಸ್ಟೆಬೋಲ್ ಎಂಬ ನಿಷೇಧಿತ ವಸ್ತುವಿನ ಅಂಶ ಪತ್ತೆಯಾಗಿತ್ತು. ಸ್ವತಂತ್ರ ನ್ಯಾಯಮಂಡಳಿ ಅವರದು ತಪ್ಪಿಲ್ಲವೆಂದು ನಿರ್ಣಯಿಸಿತಾದರೂ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಮೇಲ್ಮನವಿಯ ನಂತರ ಆದ ಒಪ್ಪಂದದಂತೆ 2025ರ ಫೆಬ್ರವರಿಯಿಂದ ಮೇ ಆರಂಭದವರೆಗೆ ಅವರು ಅಮಾನತಿನಲ್ಲಿದ್ದರು. ಮರಳಿ ಬಂದು ಆಡಿದ ಫ್ರೆಂಚ್ ಓಪನ್ ಅಂತಿಮ ಪಂದ್ಯದಲ್ಲಿ ಅಲ್ಕರಾಝ್ ವಿರುದ್ಧ ಮೂರು ಚಾಂಪಿಯನ್‌ಷಿಪ್ ಪಾಯಿಂಟ್‌ಗಳನ್ನು ಕಳೆದುಕೊಂಡು, 5 ಗಂಟೆ 29 ನಿಮಿಷಗಳ ಹೋರಾಟದ ನಂತರ ಸೋತರು. ಐದು ವಾರಗಳ ಬಳಿಕ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಅದೇ ಅಲ್ಕರಾಝ್ ಅವರನ್ನು 4-6, 6-4, 6-4, 6-4ರಿಂದ ಸೋಲಿಸಿದರು.

ತರಬೇತಿಯ ವಿಧಾನ

ಕಾಹಿಲ್ ಅವರ ಶಿಷ್ಯರ ಆಟದಲ್ಲಿ ಒಂದೇ ಅಚ್ಚಿನ ಗುರುತು ಕಾಣುವುದಿಲ್ಲ. ಹೆವಿಟ್ ರಕ್ಷಣೆಯಿಂದ, ಅಗಾಸಿ ಚೆಂಡನ್ನು ಬೇಗನೆ ಹೊಡೆಯುವುದರಿಂದ, ಹಾಲೆಪ್ ಚಲನೆಯಿಂದ, ಸಿನ್ನರ್ ಹೊಡೆತದ ವೇಗದಿಂದ ಗೆದ್ದರು. ಆಟಗಾರನ ಸಹಜ ಶಕ್ತಿಯನ್ನು ಉಳಿಸಿಕೊಂಡು, ಕಠಿಣ ಕ್ಷಣದಲ್ಲಿ ಅದು ಕೈಕೊಡದಂತೆ ನೋಡಿಕೊಳ್ಳುವುದು ಅವರ ಕೆಲಸದಲ್ಲಿ ಸಮಾನವಾಗಿ ಕಾಣುವ ಅಂಶ. ಹೆವಿಟ್ ಮತ್ತು ಅಗಾಸಿಯವರ ಕಾಲದಲ್ಲಿ ಪಂದ್ಯದ ನಡುವೆ ಸಲಹೆ ನೀಡುವುದು ನಿಷಿದ್ಧವಾಗಿದ್ದುದರಿಂದ ಎಲ್ಲ ಸಿದ್ಧತೆಯೂ ಮೊದಲೇ ಆಗಬೇಕಿತ್ತು. ಪುರುಷರ ಪ್ರವಾಸದಲ್ಲಿ 2022ರ ಜುಲೈನಿಂದ ಪ್ರೇಕ್ಷಕರ ಸಾಲಿನಿಂದ ಸಲಹೆ ನೀಡಲು ಪ್ರಾಯೋಗಿಕ ಅನುಮತಿ ದೊರೆಯಿತು.

ಸಾಧನೆಗಳ ಸಾರಾಂಶ

* ಲೇಟನ್ ಹೆವಿಟ್: ಯು.ಎಸ್. ಓಪನ್ 2001, 2001ರ ವರ್ಷಾಂತ್ಯದ ಅಗ್ರ ಸ್ಥಾನ.
* ಆಂಡ್ರೆ ಅಗಾಸಿ: ಆಸ್ಟ್ರೇಲಿಯನ್ ಓಪನ್ 2003, 2003ರಲ್ಲಿ ಅಗ್ರ ಸ್ಥಾನ.
* ಸಿಮೋನಾ ಹಾಲೆಪ್: ಫ್ರೆಂಚ್ ಓಪನ್ 2018; 2017 ಮತ್ತು 2018ರ ವರ್ಷಾಂತ್ಯದ ಅಗ್ರ ಸ್ಥಾನ.
* ಯಾನಿಕ್ ಸಿನ್ನರ್: ಆಸ್ಟ್ರೇಲಿಯನ್ ಓಪನ್ 2024 ಮತ್ತು 2025, ಯು.ಎಸ್. ಓಪನ್ 2024, ವಿಂಬಲ್ಡನ್ 2025. 2024ರ ವರ್ಷಾಂತ್ಯದ ಅಗ್ರ ಸ್ಥಾನ.

2025ರ ವಿಂಬಲ್ಡನ್ ಗೆಲುವಿನೊಂದಿಗೆ, ಕಾಹಿಲ್ ಅವರ ಶಿಷ್ಯರು ಅವರ ಮಾರ್ಗದರ್ಶನದ ಅವಧಿಯಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಪಂದ್ಯಾವಳಿಗಳನ್ನು ಗೆದ್ದಂತಾಯಿತು. 2023ರಲ್ಲಿ ಎಟಿಪಿ ಸಂಸ್ಥೆಯ ವರ್ಷದ ತರಬೇತುದಾರ ಪ್ರಶಸ್ತಿ ಕಾಹಿಲ್ ಮತ್ತು ವಾನ್ಯೋಟ್ಸಿ ಇಬ್ಬರಿಗೂ ಜಂಟಿಯಾಗಿ ಸಂದಿತು.