ಮನಸ್ಸಿನ ಮಾತ್ರೆ, ಕಿಡ್ನಿ ಮತ್ತು ನಾನು ಬರೆದ ಬಿಪಿ ಚೀಟಿ



ಹೃದಯದ ಡಾಕ್ಟರಿಗೆ ಮನೋರೋಗದ ಮಾತ್ರೆ, ಕಿಡ್ನಿ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಈ ಕಥೆಯಲ್ಲಿ ಒಂದು ತಪ್ಪು ನನ್ನದೇ.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳು. ಸೂರತ್‌ನಲ್ಲಿ ಹೋಟೆಲ್ ನಡೆಸುವ, ಉಡುಪಿ ಕಡೆಯ ಒಬ್ಬರು ಅಹಮದಾಬಾದ್‌ಗೆ ನನ್ನ ಹತ್ತಿರ ಬಂದರು. ವಯಸ್ಸು ಐವತ್ತು ದಾಟಿತ್ತು. ಬಿಪಿ 160/100. ಜೊತೆಗೆ ಹೆಂಡತಿ, ಹೆಂಡತಿಯ ತಮ್ಮ. "ಬೇರೆ ಏನಾದರೂ ಮಾತ್ರೆ ತಗೊಳ್ತೀರಾ?" ಎಂದು ಕೇಳಿದೆ. ಅವರು ಭಾವಮೈದುನನ ಮುಖ ನೋಡಿ, "ಏನಿಲ್ಲ ಡಾಕ್ಟ್ರೇ" ಅಂದರು. ನಾನು ಮತ್ತೆ ಕೇಳಲಿಲ್ಲ. ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ ಬರೆದೆ. "ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ, ಹಪ್ಪಳ ಬಿಟ್ಟುಬಿಡಿ" ಎಂದೆ. ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತು.

ಎರಡು ವಾರದ ನಂತರ ಮೊಣಕಾಲು ನೋವೆಂದು ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ಮೂರು ದಿನ ನುಂಗಿದರು. ನಾಲ್ಕನೇ ದಿನ ಕೈ ನಡುಕ, ವಾಂತಿ, ತೊದಲು ಮಾತು, ತೂರಾಡುವ ನಡಿಗೆ. ಪಾನನಿಷೇಧ ಇರುವ ರಾಜ್ಯದಲ್ಲೂ ಅಕ್ಕಪಕ್ಕದವರು "ಕುಡಿದಿದ್ದಾರೆ" ಅಂದರು. ಮನೆಯವರಿಗೆ ಲಕ್ವ ಇರಬಹುದೆಂಬ ಭಯ. ಆಸ್ಪತ್ರೆಯಲ್ಲಿ ಹೆಂಡತಿ ತಮ್ಮನನ್ನು ಹೊರಗೆ ಕಳುಹಿಸಿ, ಬ್ಯಾಗಿನಿಂದ ಹಳೆಯ ಹಾರ್ಲಿಕ್ಸ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಹದಿನಾರು ವರ್ಷದಿಂದ ಇದನ್ನ ತಗೊಳ್ತಾರೆ ಡಾಕ್ಟ್ರೇ. ನನ್ನ ತವರಿನವರಿಗೆ ಗೊತ್ತಿಲ್ಲ."

ಒಳಗಿದ್ದದ್ದು ಲಿಥಿಯಂ. ರಕ್ತದಲ್ಲಿ ಅದರ ಮಟ್ಟ 2.4 ಇತ್ತು. ಇರಬೇಕಾದದ್ದು ಸಾಮಾನ್ಯವಾಗಿ 0.6ರಿಂದ 0.8, ಕೆಲವರಿಗೆ 1.0 ತನಕ. ಕ್ರಿಯಾಟಿನಿನ್ ಕೂಡ ಏರಿತ್ತು. ಡಯಾಲಿಸಿಸ್ ಮಾಡಬೇಕಾಯಿತು. ಅವರು ಬದುಕಿದರು, ಅದೇ ದೊಡ್ಡದು.

*ಲಿಥಿಯಂ ಎಂದರೇನು?*

ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ, ಇನ್ನೊಮ್ಮೆ ಆಳವಾದ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸನ್ನು ಸಮಸ್ಥಿತಿಯಲ್ಲಿಡಲು ಕೊಡುವ ಔಷಧಿಗಳಿಗೆ ಮೂಡ್ ಸ್ಟೆಬಿಲೈಸರ್ ಎನ್ನುತ್ತಾರೆ. ಅವುಗಳಲ್ಲಿ ಹಳೆಯದು, ಇಂದಿಗೂ ಅತ್ಯುತ್ತಮವಾದವುಗಳಲ್ಲಿ ಒಂದು, ಲಿಥಿಯಂ. ಲಿಕ್ಯಾಬ್, ಲಿಥೋಸನ್, ಇಂಟಾಲಿತ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ. 1949ರಲ್ಲಿ ಆಸ್ಟ್ರೇಲಿಯಾದ ಡಾ. ಜಾನ್ ಕೇಡ್ ಇದರ ಉಪಯೋಗವನ್ನು ಪ್ರಕಟಿಸಿದರು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣ ಇದಕ್ಕಿದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: *ಈ ಲೇಖನ ಓದಿ ಯಾರೂ ಲಿಥಿಯಂ ನಿಲ್ಲಿಸಬೇಡಿ.* ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರಳಬಹುದು, ಜೀವಕ್ಕೇ ಅಪಾಯವಾಗಬಹುದು.

ಅದೇ 1949ರಲ್ಲಿ ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆಯಿತು. ಉಪ್ಪು ತಿನ್ನಬಾರದ ಹೃದ್ರೋಗಿಗಳಿಗೆ, ಬಿಪಿ ಇದ್ದವರಿಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರುತ್ತಿದ್ದರು. ಹಲವರು ವಿಷವೇರಿ ಮಲಗಿದರು, ಕೆಲವರು ಸತ್ತರು. ಅದನ್ನು ಮಾರುಕಟ್ಟೆಯಿಂದ ತೆಗೆಯಬೇಕಾಯಿತು. ಉಪ್ಪಿಲ್ಲದ ದೇಹಕ್ಕೆ ಲಿಥಿಯಂ ಎಷ್ಟು ಅಪಾಯ ಎಂದು ಹೃದಯದ ಡಾಕ್ಟರುಗಳಿಗೆ ಅಂದೇ ಪಾಠವಾಗಿತ್ತು. ನಾನು ಆ ಪಾಠವನ್ನು ತಡವಾಗಿ ಕಲಿತೆ.

*ಕಿಡ್ನಿಗೂ ಇದಕ್ಕೂ ಏನು ಸಂಬಂಧ?*

ಲಿಥಿಯಂ ಹೆಚ್ಚುಕಡಿಮೆ ಪೂರ್ತಿಯಾಗಿ ಮೂತ್ರದಲ್ಲೇ ಹೊರಹೋಗಬೇಕು. ಯಕೃತ್ತು ಇದನ್ನು ಕರಗಿಸುವುದಿಲ್ಲ. ಕಿಡ್ನಿಯ ಕಣ್ಣಿಗೆ ಲಿಥಿಯಂ ಮತ್ತು ಉಪ್ಪಿನ ಸೋಡಿಯಂ ಅಣ್ಣತಮ್ಮಂದಿರ ಹಾಗೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಕಿಡ್ನಿ ಉಪ್ಪನ್ನು ಬಿಡದೆ ಒಳಗೆಳೆದುಕೊಳ್ಳುತ್ತದೆ. ಜೊತೆಗೆ ಲಿಥಿಯಂ ಕೂಡ ಒಳಗೆ ಬರುತ್ತದೆ. ಮಾತ್ರೆ ಅದೇ, ಪ್ರಮಾಣ ಅದೇ, ರಕ್ತದಲ್ಲಿ ಮಾತ್ರ ಮಟ್ಟ ಏರುತ್ತದೆ.

ನನ್ನ ರೋಗಿಗೆ ಆದದ್ದು ಇದೇ. ಥಯಜೈಡ್ ಉಪ್ಪನ್ನು ಹೊರಹಾಕಿತು. ಟೆಲ್ಮಿಸಾರ್ಟನ್ ಮತ್ತು ನೋವಿನ ಮಾತ್ರೆ ಕಿಡ್ನಿಯ ಶೋಧಿಸುವ ಶಕ್ತಿಯನ್ನು ಕುಗ್ಗಿಸಿದವು. ಊಟದಲ್ಲಿ ಉಪ್ಪು ಇಳಿಯಿತು. ಹೋಟೆಲಿನ ಒಲೆಯ ಮುಂದೆ ಮೇ ತಿಂಗಳ ಬೆವರು ಬೇರೆ. ಐದು ಕಡೆಯಿಂದ ಪೆಟ್ಟು.

*ದೀರ್ಘಕಾಲದಲ್ಲಿ ಏನಾಗಬಹುದು?*

ಮೊದಲನೆಯದು ಅತಿಯಾದ ಬಾಯಾರಿಕೆ ಮತ್ತು ಮೂತ್ರ. ನೀರನ್ನು ಉಳಿಸಿಕೊಳ್ಳುವ ಕಿಡ್ನಿಯ ಶಕ್ತಿಯನ್ನು ಲಿಥಿಯಂ ಕುಂದಿಸುತ್ತದೆ. ದಿನಕ್ಕೆ ಮೂರು ಲೀಟರಿಗಿಂತ ಹೆಚ್ಚು ಮೂತ್ರ, ರಾತ್ರಿ ಮೂರು-ನಾಲ್ಕು ಸಲ ಏಳುವುದು. ಇದನ್ನು ಸಕ್ಕರೆ ಕಾಯಿಲೆ ಎಂದು ತಿಳಿಯುವವರಿದ್ದಾರೆ. "ಎಷ್ಟು ನೀರು ಕುಡಿತೀಯಾ" ಎಂದು ಮನೆಯಲ್ಲಿ ಗದರುವವರೂ ಇದ್ದಾರೆ. ದಯವಿಟ್ಟು ನೀರು ತಡೆಯಬೇಡಿ, ಡಾಕ್ಟರಿಗೆ ಹೇಳಿ. ಆಪರೇಷನ್‌ಗೆಂದು ಬಾಯಿಗೆ ನೀರು ಕೊಡದೆ ಮಲಗಿಸುವ ಮೊದಲು ಇದನ್ನು ಅಲ್ಲಿನ ಡಾಕ್ಟರಿಗೆ ತಿಳಿಸಲೇಬೇಕು.

ಎರಡನೆಯದು, ಹತ್ತು-ಇಪ್ಪತ್ತು ವರ್ಷ ತೆಗೆದುಕೊಂಡವರಲ್ಲಿ ಕೆಲವರಿಗೆ ಕಿಡ್ನಿ ನಿಧಾನವಾಗಿ ಸವೆಯುತ್ತದೆ. ಎಲ್ಲರಿಗೂ ಅಲ್ಲ. ಡಯಾಲಿಸಿಸ್ ತನಕ ಹೋಗುವವರು ಬಹಳ ಕಡಿಮೆ. ರಕ್ತದ ಮಟ್ಟ ಪದೇ ಪದೇ ಏರಿದವರಿಗೆ, ಬಿಪಿ, ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಅಪಾಯ ಹೆಚ್ಚು. ಈ ಸವೆತಕ್ಕೆ ನೋವಿಲ್ಲ, ಊತವಿಲ್ಲ. ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಲಿಥಿಯಂನಿಂದ ಥೈರಾಯ್ಡ್ ಕುಗ್ಗಬಹುದು, ಕ್ಯಾಲ್ಸಿಯಂ ಏರಬಹುದು, ಕೆಲವರಲ್ಲಿ ನಾಡಿಬಡಿತ ನಿಧಾನವಾಗಬಹುದು. ತಲೆಸುತ್ತಿ ಬಿದ್ದರೆ ಇಸಿಜಿ ಮಾಡಿಸಿ. ಇತರ ಮೂಡ್ ಸ್ಟೆಬಿಲೈಸರ್‌ಗಳಲ್ಲಿ ವ್ಯಾಲ್ಪ್ರೊಯೇಟ್‌ಗೆ ಮುಖ್ಯವಾಗಿ ಲಿವರ್ ಮತ್ತು ಪ್ಲೇಟ್‌ಲೆಟ್ ನೋಡಬೇಕು. ಗರ್ಭಿಣಿಯರಿಗೆ ಅದು ಹಾನಿಕರ. ಕಾರ್ಬಮಝೆಪಿನ್‌ನಲ್ಲಿ ಸೋಡಿಯಂ ಇಳಿಯುವ ಭಯ. ಕಿಡ್ನಿಯ ಚಿಂತೆ ಹೆಚ್ಚಾಗಿ ಲಿಥಿಯಂದೇ.

*ಗುಜರಾತ್‌ನಲ್ಲಿರುವ ನಮಗೆ ಇನ್ನಷ್ಟು ಎಚ್ಚರ ಏಕೆ?*

ಊರಿನ ಮಳೆ ಬಿಟ್ಟು ಬಂದ ನಮಗೆ ಇಲ್ಲಿನ ಬಿಸಿಲು ಗೊತ್ತೇ ಇದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದ್‌ನಲ್ಲಿ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಆ ತಿಂಗಳು ಮಾಮೂಲಿಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. ಅದಾದ ಮೇಲೆ 2013ರಲ್ಲಿ ನಗರಪಾಲಿಕೆ ಬಿಸಿಗಾಳಿ ಎದುರಿಸುವ ಯೋಜನೆ ಶುರು ಮಾಡಿತು. ಬೆವರಿನಲ್ಲಿ ಉಪ್ಪು, ನೀರು ಎರಡೂ ಹೋಗುತ್ತವೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಬಿಸಿಲು ಎರಡು ಪಟ್ಟು ವೈರಿ. ಸೂರತ್‌ನ ಹೋಟೆಲ್ ಅಡುಗೆಮನೆ, ವಡೋದರದ ಕಾರ್ಖಾನೆ, ಕಟ್ಟಡ ಕೆಲಸದಲ್ಲಿರುವ ನಮ್ಮವರು ಇದನ್ನು ನೆನಪಿಡಬೇಕು.

ಇನ್ನು ಉಪವಾಸ. ಏಕಾದಶಿ, ಶಿವರಾತ್ರಿ ನಮ್ಮೊಂದಿಗೆ ಬಂದಿವೆ. ನವರಾತ್ರಿಯ ಒಂಬತ್ತು ದಿನದ ಉಪವಾಸ ಇಲ್ಲಿ ಕಲಿತದ್ದು. ಉಪವಾಸ ಮಾಡಿ ರಾತ್ರಿಯಿಡೀ ಗರ್ಬಾ ಕುಣಿದರೆ ಲಿಥಿಯಂ ಮಟ್ಟ ಎಲ್ಲಿಗೆ ಹೋದೀತು ಯೋಚಿಸಿ. ನಿರ್ಜಲ ಉಪವಾಸ ಬೇಡವೇ ಬೇಡ.

*ಮನೆಯವರು ಮಾಡಬೇಕಾದದ್ದು*

1. *ಪರೀಕ್ಷೆ:* ಲಿಥಿಯಂ ಮಟ್ಟವನ್ನು ಮೊದಲ ವರ್ಷ 3 ತಿಂಗಳಿಗೊಮ್ಮೆ, ನಂತರ ಕನಿಷ್ಠ 6 ತಿಂಗಳಿಗೊಮ್ಮೆ ನೋಡಿಸಿ. ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ 3 ತಿಂಗಳಿಗೊಮ್ಮೆಯೇ ಸರಿ. ಕ್ರಿಯಾಟಿನಿನ್, ಇಜಿಎಫ್‌ಆರ್, ಸೋಡಿಯಂ, ಟಿಎಸ್‌ಎಚ್, ಕ್ಯಾಲ್ಸಿಯಂ 6 ತಿಂಗಳಿಗೊಮ್ಮೆ. ಇಜಿಎಫ್‌ಆರ್ 60ಕ್ಕಿಂತ ಕೆಳಗಿಳಿದರೆ ಅಥವಾ ಪ್ರತಿ ಸಲವೂ ಇಳಿಯುತ್ತಿದ್ದರೆ ಕಿಡ್ನಿ ತಜ್ಞರನ್ನು ಕಾಣಿ.

2. *ರಕ್ತ ಕೊಡುವ ಸಮಯ:* ಕೊನೆಯ ಮಾತ್ರೆ ನುಂಗಿ 12 ಗಂಟೆಗೆ. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ, ಬೆಳಗಿನ ಮಾತ್ರೆಗೆ ಮೊದಲು. ಲಿಥಿಯಂ ಹೆಪಾರಿನ್ ಇರುವ ಟ್ಯೂಬ್‌ನಲ್ಲಿ ರಕ್ತ ತೆಗೆದರೆ ಸುಳ್ಳು ಏರಿಕೆ ಬರುತ್ತದೆ ಎಂದು ಲ್ಯಾಬಿನವರಿಗೆ ನೆನಪಿಸಿ.

3. *ನೋವಿನ ಮಾತ್ರೆ:* ಐಬುಪ್ರೊಫೆನ್, ಡೈಕ್ಲೋಫೆನಾಕ್, ಅವು ಬೆರೆತ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ.

4. *ಬಿಪಿ ಮಾತ್ರೆ:* ಹೆಸರಿನ ಕೊನೆಗೆ 'ಪ್ರಿಲ್' ಅಥವಾ 'ಸಾರ್ಟನ್' ಇರುವವು, ಮೂತ್ರ ಹೆಚ್ಚಿಸುವ ಮಾತ್ರೆಗಳು ಲಿಥಿಯಂ ಏರಿಸಬಹುದು. ಆಮ್ಲೋಡಿಪಿನ್‌ನಂಥ ದಾರಿಗಳಿವೆ. ಈಗಾಗಲೇ ಎರಡನ್ನೂ ತೆಗೆದುಕೊಳ್ಳುತ್ತಿದ್ದರೆ ಹೆದರಿ ನಿಲ್ಲಿಸಬೇಡಿ. ಇಬ್ಬರೂ ಡಾಕ್ಟರಿಗೆ ತಿಳಿಸಿ ಲಿಥಿಯಂ ಮಟ್ಟ ನೋಡಿಸಿ.

5. *ಉಪ್ಪು, ನೀರು:* ಉಪ್ಪನ್ನು ದಿಢೀರನೆ ಇಳಿಸಬೇಡಿ, ಏರಿಸಲೂ ಬೇಡಿ. ಪ್ರತಿದಿನ ಒಂದೇ ಹದ. ಬೇಸಿಗೆಯಲ್ಲಿ ಮಜ್ಜಿಗೆ, ಇಲ್ಲಿನವರ ಛಾಸ್, ನಮಗೂ ಒಳ್ಳೆಯದು.

6. *ವಾಂತಿ, ಭೇದಿ, ಜೋರು ಜ್ವರ:* ಓಆರ್‌ಎಸ್ ಕೊಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಒಂದೆರಡು ಹೊತ್ತಿನ ಮಾತ್ರೆ ತಡೆಯಲು ಅವರು ಹೇಳಬಹುದು.

7. *ತಕ್ಷಣ ಆಸ್ಪತ್ರೆಗೆ:* ಲೋಟ ಹಿಡಿಯಲಾಗದಷ್ಟು ನಡುಕ, ತೂರಾಟ, ತೊದಲು, ಮಂಪರು, ಗೊಂದಲ, ಫಿಟ್ಸ್. ಮಾತ್ರೆಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

*ಎಲ್ಲಿಗೆ ಹೋಗುವುದು?*

ಅಹಮದಾಬಾದ್‌ನ ಸಿವಿಲ್ ಆಸ್ಪತ್ರೆ, ವಡೋದರದ ಎಸ್‌ಎಸ್‌ಜಿ ಆಸ್ಪತ್ರೆ, ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಕಿಡ್ನಿಗೆ, ಡಾ. ಎಚ್.ಎಲ್. ತ್ರಿವೇದಿಯವರು ಕಟ್ಟಿ ಬೆಳೆಸಿದ ಕಿಡ್ನಿ ಸಂಸ್ಥೆ ಅಹಮದಾಬಾದ್‌ನಲ್ಲೇ ಇದೆ. ಮನಸ್ಸಿನ ಕಷ್ಟವನ್ನು ಹಿಂದಿ, ಗುಜರಾತಿಯಲ್ಲಿ ಹೇಳಿಕೊಳ್ಳುವುದು ನಮ್ಮಲ್ಲಿ ಅನೇಕರಿಗೆ ಆಗದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ *14416*ರಲ್ಲಿ ಕನ್ನಡದಲ್ಲೂ ಮಾತನಾಡಬಹುದು, ಉಚಿತ. ಊರಿನ ಡಾಕ್ಟರು ಬರೆದ ಮಾತ್ರೆಯನ್ನು ಅಲ್ಲಿಂದ ತರಿಸಿಕೊಂಡು ವರ್ಷಗಟ್ಟಲೆ ಪರೀಕ್ಷೆಯಿಲ್ಲದೆ ನುಂಗುವವರು ಇಲ್ಲಿಯೇ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೊಳ್ಳಿ.

ಕೊನೆಗೆ, ನನ್ನ ರೋಗಿಯ ವಿಷಯ. ಈಗಲೂ ಲಿಥಿಯಂ ತೆಗೆದುಕೊಳ್ಳುತ್ತಾರೆ, ಮನೋವೈದ್ಯರು ಪ್ರಮಾಣ ಇಳಿಸಿದ್ದಾರೆ. ಬಿಪಿಗೆ ಬೇರೆ ಮಾತ್ರೆ. ಕ್ರಿಯಾಟಿನಿನ್ ಪೂರ್ತಿ ಮೊದಲಿನಂತಾಗಲಿಲ್ಲ, 1.4ರಲ್ಲಿ ನಿಂತಿದೆ. ಹೋಟೆಲ್ ನಡೆಯುತ್ತಿದೆ. ಪರೀಕ್ಷೆಯ ದಿನ ಅವರನ್ನು ಕರೆತರುವುದು ಈಗ ಅದೇ ಭಾವಮೈದುನ. ಮುಚ್ಚಿಟ್ಟಿದ್ದ ವಿಷಯ ಗೊತ್ತಾದಾಗ ಅವರು ಹೇಳಿದ್ದು ಇಷ್ಟೇ: "ಭಾವ, ಮೊದಲೇ ಹೇಳಿದ್ದರೆ ನಾನೇನು ಬಿಟ್ಟು ಹೋಗುತ್ತಿದ್ದೆನಾ?"

ನಾನೂ ಬದಲಾದೆ. ಈಗ ಪ್ರತಿ ರೋಗಿಯ ಹತ್ತಿರ ಒಂದು ನಿಮಿಷ ಒಬ್ಬರೇ ಇರುವಾಗ ಕೇಳುತ್ತೇನೆ: "ನಿದ್ದೆಗೆ, ಮನಸ್ಸಿಗೆ ಏನಾದರೂ ಮಾತ್ರೆ ಇದೆಯಾ?" ನಿಮ್ಮ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಎಲ್ಲ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಬಿಪಿ ಮಾತ್ರೆಗೆ ನಾಚದ ನಾವು ಮನಸ್ಸಿನ ಮಾತ್ರೆಗೂ ನಾಚಬೇಕಿಲ್ಲ.

ಉಪಯೋಗವಾಗುತ್ತದೆ ಅನ್ನಿಸಿದರೆ ನಿಮ್ಮ ಕುಟುಂಬದ, ಸಂಘದ ಗುಂಪುಗಳಿಗೆ ಕಳುಹಿಸಿ. ಯಾರ ಮನೆಯಲ್ಲಿ ಯಾವ ಡಬ್ಬಿ ಅಡಗಿದೆಯೋ ನಮಗೆ ಗೊತ್ತಿಲ್ಲ.

ನಿಮ್ಮ ಹೃದ್ರೋಗ ತಜ್ಞ, ಎಂ.ಡಿ.
ಅಹಮದಾಬಾದ್

(ಇದು ತಿಳುವಳಿಕೆಗಾಗಿ ಬರೆದದ್ದು. ಔಷಧಿಯ ಬದಲಾವಣೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ಮಾಡಿ.)