ರೈಲು ಬಾರದ ರಾಜಧಾನಿ

ಬೆಂಗಳೂರಿನಲ್ಲಿ ಯಾರಾದರೂ ಊರು ಯಾವುದೆಂದು ಕೇಳಿ, ನಾನು ತಿಪ್ಪಸಂದ್ರ ಎಂದರೆ ‘ಓ, ಎಚ್‌ಎಎಲ್ ಕಡೆಯವರಾ?’ ಅನ್ನುತ್ತಾರೆ. ಅದು ಹೊಸ ತಿಪ್ಪಸಂದ್ರ. ನಮ್ಮದು ಮಾಗಡಿ ತಾಲ್ಲೂಕಿನದು, ಹೋಬಳಿಯ ಊರು. ಸಂದ್ರ ಅಂದರೆ ಸಮುದ್ರ. ಕಡಲು ಕಂಡಿರದ ಜನ ಕೆರೆ ಕಟ್ಟಿ, ಅದು ಏರಿಯವರೆಗೆ ತುಂಬಿದ್ದನ್ನು ನೋಡಿ ಸಮುದ್ರವೆಂದೇ ಕರೆದರು. ಬಾಯಿಂದ ಬಾಯಿಗೆ ಸವೆದು ಅದು ಸಂದ್ರವಾಯಿತು. ಈ ಸೀಮೆಯ ತುಂಬ ಇಂಥ ಸಂದ್ರಗಳಿವೆ.

ನಮ್ಮ ಕಡೆ ‘ಪ್ಯಾಟೆಗೆ ಹೋಗಿದ್ದೆ’ ಎಂದರೆ ಮಾಗಡಿಗೆ ಹೋಗಿದ್ದೆ ಎಂದರ್ಥ. ಮದುವೆ ಜವಳಿ, ಪಹಣಿ, ಕಾಯಿಲೆ ಕಸಾಲೆ, ಗೊಬ್ಬರ, ಬಿತ್ತನೆ ರಾಗಿ, ಎಲ್ಲಕ್ಕೂ ಮಾಗಡಿ. ಕೆಲಸ ಮುಗಿಸಿ ಕೊನೆ ಬಸ್ಸು ಹಿಡಿಯುವ ಊರದು. ಅದನ್ನು ನೋಡುವುದಕ್ಕೆಂದೇ ಹೋಗಬೇಕಾದ ಊರು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ, ಅದೂ ಎಲ್ಲೋ ದೂರದ ಒಂದು ಪಟ್ಟಣದ ಮಾತು ಕೇಳಿ.

ಗೆಳೆಯರೊಬ್ಬರು ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್ ನೋಡಿಕೊಂಡು ಬಂದಿದ್ದರು. ಮೆಕಾಂಗ್ ನದಿಯ ದಂಡೆಯ ಚಿಕ್ಕ ಪಟ್ಟಣ. 1975ರಲ್ಲಿ ದೊರೆತನ ಮುಗಿಯುವವರೆಗೂ ಅಲ್ಲಿಯ ಅರಸರು ವಾಸವಿದ್ದ ಊರು. 1995ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರ ಡಿಸೆಂಬರಿನಲ್ಲಿ ಅಲ್ಲಿಗೆ ರೈಲೂ ಬಂತು. ಬೆಳಗಿನ ಜಾವ ಭಿಕ್ಷುಗಳು ಸಾಲಾಗಿ ಬರುತ್ತಾರಂತೆ, ಬಾಗಿಲಲ್ಲಿ ಕೂತ ಹೆಂಗಸರು ಬಿಸಿ ಅನ್ನ ನೀಡುತ್ತಾರಂತೆ. ‘ರಾಜಧಾನಿಯಾಗಿದ್ದ ಊರು, ಈಗ ದೊಡ್ಡ ಹಳ್ಳಿಯ ಹಾಗಿದೆ, ಅದೇ ಅದರ ಚಂದ’ ಎಂದು ಅವರು ಹೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ಮಾಗಡಿಯ ಕೋಟೆ.

ಮಾಗಡಿಯೂ ರಾಜಧಾನಿಯಾಗಿತ್ತು. ಬೆಂಗಳೂರು ಕಟ್ಟಿದ ಯಲಹಂಕ ನಾಡಪ್ರಭುಗಳ ವಂಶ ಅದೇ ಬೆಂಗಳೂರನ್ನು 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬಿಟ್ಟುಕೊಡಬೇಕಾಯಿತು. ಆಮೇಲೆ ಅವರು ನೆಲೆ ನಿಂತದ್ದು ಮಾಗಡಿಯಲ್ಲಿ, ಬೆನ್ನಿಗೆ ಸಾವನದುರ್ಗವನ್ನು ಇಟ್ಟುಕೊಂಡು. ‘ಮಾಗಡಿ ಕೆಂಪೇಗೌಡರು’ ಎಂಬ ಮಾತು ಹುಟ್ಟಿದ್ದು ಹಾಗೆ. ತೊಂಬತ್ತು ವರ್ಷ ಅಲ್ಲಿಂದ ಆಳಿದರು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನು ಹಿಡಿದು, ಕೊನೆಯ ದೊರೆಯನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಿಟ್ಟ. ಅಲ್ಲಿಗೆ ರಾಜಧಾನಿ ಮತ್ತೆ ಪೇಟೆಯಾಯಿತು.

ಜಿಲ್ಲೆಯ ಬೇರೆ ಊರುಗಳಿಗೆ ಹೆಸರು ಮಾಡಲು ದಾರಿ ನೆರವಾಯಿತು. ಬೆಂಗಳೂರು–ಮೈಸೂರು ರಸ್ತೆ, ಅದರ ಪಕ್ಕದಲ್ಲೇ ರೈಲು. ಹಾಲೆ ಮರ, ಅರಗಿನ ಬಣ್ಣದ ಬೊಂಬೆಗಳಿಂದ ಚನ್ನಪಟ್ಟಣ, ರೇಷ್ಮೆಗೂಡಿನ ಮಾರುಕಟ್ಟೆಯಿಂದ ಮತ್ತು ‘ಶೋಲೆ’ಯ ಬಂಡೆಗಳಿಂದ ರಾಮನಗರ, ತಟ್ಟೆ ಇಡ್ಲಿಯಿಂದ ಬಿಡದಿ ಎಲ್ಲರ ಬಾಯಲ್ಲಿವೆ. ಮಾಗಡಿ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಗೆ ಮೆಟ್ರೊ ನಿಲ್ದಾಣ ಬಂದು, 2015ರಿಂದ ದಿನವೂ ಎಷ್ಟೋ ಸಾವಿರ ಜನ ‘ಮಾಗಡಿ ರಸ್ತೆ’ ಎಂಬ ಘೋಷಣೆ ಕೇಳುತ್ತಾರೆ. ಆ ರಸ್ತೆ ಹಿಡಿದು ತಾವರೆಕೆರೆ ದಾಟಿ ಐವತ್ತು ಕಿಲೋಮೀಟರಿನಷ್ಟು ಬಂದರೆ ಹೆಸರಿನ ಯಜಮಾನ ಸಿಗುತ್ತಾನೆ. ಬಂದು ನೋಡುವವರು ಕಡಿಮೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬಸ್ಸಿಳಿದು ನಡೆದೇ ನೋಡಬಹುದಾದಷ್ಟು ಊರು. ಕೋಟೆ ಊರೊಳಗೇ ಇದೆ. 1712ರ ಸುಮಾರಿಗೆ ಕೆಂಪೇಗೌಡರ ವಂಶದವರು ಕಟ್ಟಿಸಿದ ಸೋಮೇಶ್ವರ ದೇವಸ್ಥಾನಕ್ಕೆ ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಹೋಗಿ. ಕಲ್ಲು ಆಗ ಕಾವು ಬಿಡುತ್ತಾ ಕೂತಿರುತ್ತದೆ, ನಿಮ್ಮ ಹೆಜ್ಜೆ ಸಪ್ಪಳ ನಿಮಗೇ ಕೇಳಿಸುತ್ತದೆ. ಗುಡಿ ಕಟ್ಟಿ ಹದಿನಾರೇ ವರ್ಷಕ್ಕೆ ರಾಜ್ಯ ಕೈಬಿಟ್ಟಿತು ಎಂಬುದು ಗೊತ್ತಿದ್ದು ಆ ಕಂಬಗಳ ನಡುವೆ ನಿಂತರೆ ಮನಸ್ಸು ಭಾರವಾಗುತ್ತದೆ.

ತಿರುಮಲೆಯ ರಂಗನಾಥಸ್ವಾಮಿ ಗುಡಿಯದು ಬೇರೆಯೇ ಮಾತು. ಅಲ್ಲಿ ರಾಜ್ಯ ಹೋದ ಸುದ್ದಿಯೇ ಇಲ್ಲ. ಪಡುವಣಕ್ಕೆ ಮುಖ ಮಾಡಿದ ಸ್ವಾಮಿ, ನಮ್ಮವರ ಬಾಯಲ್ಲಿ ಮಾಗಡಿ ರಂಗಪ್ಪ. ಒಳಗೆ ‘ಬೆಳೆಯುವ ರಂಗ’ನೆಂಬ ಚಿಕ್ಕ ಮೂರ್ತಿಯಿದೆ; ಅದು ಸ್ವಲ್ಪ ಸ್ವಲ್ಪವೇ ಬೆಳೆಯುತ್ತಿದೆ ಎಂದು ಭಕ್ತರು ನಂಬುತ್ತಾರೆ. ನಮ್ಮ ಅಜ್ಜಿ ಪ್ರತಿ ವರ್ಷ ಇಣುಕಿ ನೋಡಿ ‘ಹೋದ ಸಲಕ್ಕಿಂತ ಒಂದ್ ಎಳ್ಳುಕಾಳಷ್ಟು ದಪ್ಪ ಆಗವ್ನೆ’ ಎಂದು, ಮೊಮ್ಮಗುವಿನ ವಿಚಾರ ಹೇಳಿದಷ್ಟೇ ಅಕ್ಕರೆಯಿಂದ ಹೇಳುತ್ತಿದ್ದಳು.

ಯುಗಾದಿ ಕಳೆದ ಮೇಲೆ ರಂಗಪ್ಪನ ಜಾತ್ರೆ. ತೇರಿಗಿಂತ ಮೊದಲೇ ಸೇರುವ ದನಗಳ ಜಾತ್ರೆಯನ್ನು ನೋಡಲು ಎಷ್ಟು ದೂರದಿಂದ ಬಂದರೂ ನಷ್ಟವಿಲ್ಲ. ಹಳ್ಳಿಕಾರ್ ತಳಿಯ ಎತ್ತು, ಹೋರಿಗಳು. ನೀಳ ಮುಖ, ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಕೊಂಬು, ಬೂದು ಮೈ. ಕೊಂಬು ಹೆರೆದು ಹರಳೆಣ್ಣೆ ಸವರಿರುತ್ತಾರೆ. ಒಳ್ಳೆ ಜೊತೆಗಳಿಗೆ ಪೆಂಡಾಲು ಹಾಕಿ, ಕಾಲಡಿ ಹುಲ್ಲು ಹಾಸಿ, ಮನೆಯವರೆಲ್ಲ ಪಕ್ಕದಲ್ಲೇ ಒಲೆ ಹೂಡಿರುತ್ತಾರೆ.

ಚಿಕ್ಕವನಿದ್ದಾಗ ತಾತ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಹೋರಿಯ ಕೆಳತುಟಿ ಸರಿಸಿ ಹಲ್ಲು ನೋಡುವುದನ್ನು ಕಲಿಸಿದ. ಹಾಲಲ್ಲು, ಎರಡಲ್ಲು, ನಾಕಲ್ಲು, ಆರಲ್ಲು, ಆಮೇಲೆ ಬಾಯ್ಗೂಡು. ದನದ ವಯಸ್ಸು ಬರೆದಿರುವುದು ಅಲ್ಲಿ. ಹಲ್ಲಾದ ಮೇಲೆ ಸುಳಿ. ಹಣೆಯಲ್ಲಿ, ಬೆನ್ನ ಮೇಲೆ, ಡುಬ್ಬದ ಬಳಿ ಕೂದಲು ಸುತ್ತಿರುವ ಜಾಗವನ್ನು ಬೆರಳಲ್ಲಿ ಬಿಡಿಸಿ ನೋಡಿ, ಇದು ಮನೆಗೆ ಆಗುವ ಸುಳಿ, ಇದು ಆಗದ್ದು ಎಂದು ಹೇಳುತ್ತಿದ್ದ. ಬೆಲೆಯ ಮಾತು ಮಾತ್ರ ಬಾಯಲ್ಲಿ ಆಡುತ್ತಿರಲಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲು ತೆಗೆದು ಕೈಮೇಲೆ ಹೊದಿಸಿಕೊಳ್ಳುವನು. ಟವೆಲಿನಡಿ ತಾತನ ಬೆರಳುಗಳನ್ನು ಹಿಡಿಯುವನು. ಇಷ್ಟು ಬೆರಳೆಂದರೆ ಇಷ್ಟು ಸಾವಿರ, ಅರ್ಧ ಗೆಣ್ಣು ಒತ್ತಿದರೆ ಅದಕ್ಕೆ ಅರ್ಧ. ಸುತ್ತ ನಿಂತ ಹತ್ತು ಜನಕ್ಕೆ ಕಾಣುವುದು ಕದಲುವ ಬಟ್ಟೆ ಮಾತ್ರ. ತಾತ ತಲೆಯಾಡಿಸುವನು, ಕೈ ಎಳೆದುಕೊಳ್ಳುವನು, ‘ಇನ್ನೊಂದ್ ಕಿತ ಹಿಡೀರಿ ಗೌಡ್ರೇ’ ಎಂದು ದಲ್ಲಾಳಿ ಮತ್ತೆ ಕರೆಯುವನು. ಮಾರಿದವನಿಗೂ ಕೊಂಡವನಿಗೂ ನಾಲ್ಕು ಜನರೆದುರು ಮುಖ ಸಣ್ಣದಾಗಬಾರದು ಎಂಬ ಮರ್ಯಾದೆ ಆ ಟವೆಲಿನಲ್ಲಿದೆ ಎಂದು ನನಗೆ ಈಗಲೂ ಅನಿಸುತ್ತದೆ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಟ್ಟುವ ಮನೆ ಕಡಿಮೆಯಾಗಿವೆ. ಒಳ್ಳೆ ಜೊತೆಯ ಬೆಲೆ ಲಕ್ಷಗಳಿಗೆ ಏರಿದೆ. ಹಳ್ಳಿಕಾರ್ ಉಳಿದಿರುವುದು ಲಾಭ ಲೆಕ್ಕ ಹಾಕದೆ ಸಾಕುವ ಇಂಥವರ ಕೊಟ್ಟಿಗೆಯಲ್ಲಿ.

ಜಾತ್ರೆಗೆ ಆಗದಿದ್ದರೆ ಅವರೆ ಕಾಲಕ್ಕೆ ಬನ್ನಿ. ಡಿಸೆಂಬರು, ಜನವರಿ, ಚೆನ್ನಾಗಿ ಇಬ್ಬನಿ ಬೀಳುವ ದಿನಗಳು. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು. ಸೊಗಡೆಂದರೆ ಕಾಯಿಯ ಸಿಪ್ಪೆಯ ಮೇಲಿನ ಅಂಟಂಟಾದ ಎಣ್ಣೆಯ ವಾಸನೆ. ಒಂದು ಮೊರ ಕಾಯಿ ಬಿಡಿಸಿದರೆ ಸೋಪು ಹಾಕಿ ತೊಳೆದರೂ ಬೆರಳಿನಿಂದ ಹೋಗದು. ಬೆಂಗಳೂರಿನಲ್ಲಿ ‘ಮಾಗಡಿ ಅವರೆ’ ಎಂದು ಕೂಗಿ ಮಾರುವುದು ಆ ಸೊಗಡಿನ ಹೆಸರಲ್ಲೇ. ಹಿತಕಿದ ಬೇಳೆ ಸಾರು, ರಾಗಿ ಮುದ್ದೆ ಇರುವ ಮನೆಯ ಊಟಕ್ಕೆ ಯಾರಾದರೂ ಕರೆದರೆ ಬೇಡವೆನ್ನಬೇಡಿ.

ಸಾವನದುರ್ಗದ ವಿಚಾರ ಚಾರಣದವರು ಸಾಕಷ್ಟು ಬರೆದಿದ್ದಾರೆ. 1226 ಮೀಟರ್ ಎತ್ತರದ ಬೆಟ್ಟ, ಕರಿಗುಡ್ಡ, ಬಿಳಿಗುಡ್ಡವೆಂದು ಎರಡು ಶಿಖರ, ಬುಡದಲ್ಲಿ ವೀರಭದ್ರ ಮತ್ತು ನರಸಿಂಹ. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯ ಇದನ್ನು ಹಿಡಿಯಿತು. ಆ ದಂಡಿನ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಕಲಾವಿದನ ಚಿತ್ರಗಳಲ್ಲಿ ಈ ಬಂಡೆ ಲಂಡನ್ನಿಗೆ ಹೋಯಿತು. ಹತ್ತುವವರಿಗೆ ಒಂದೇ ಮಾತು: ಮಳೆ ಬಿದ್ದ ದಿನ ಆ ನುಣುಪು ಬಂಡೆಯ ಮೇಲೆ ಕಾಲಿಡಬೇಡಿ.

ನನ್ನ ಮನಸ್ಸು ಹೆಚ್ಚು ಎಳೆಯುವುದು ತಾಲ್ಲೂಕಿನ ಇನ್ನೊಂದು ಕಡೆಗೆ, ಹುಲಿಕಲ್ಲಿನಿಂದ ಕುದೂರಿನವರೆಗಿನ ನಾಲ್ಕು ಕಿಲೋಮೀಟರ್ ರಸ್ತೆಗೆ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಹುಲಿಕಲ್ಲಿಗೆ ಸೊಸೆಯಾಗಿ ಬಂದ ತಿಮ್ಮಕ್ಕ, ಗಂಡ ಚಿಕ್ಕಯ್ಯ. ಕೂಲಿ ಮಾಡುತ್ತಿದ್ದವರು, ಮಕ್ಕಳಿರಲಿಲ್ಲ. ಮೊದಲ ವರ್ಷ ಹತ್ತು ಆಲದ ಸಸಿ ನೆಟ್ಟರು, ಮುಂದಿನ ವರ್ಷ ಹದಿನೈದು, ಅದರ ಮುಂದೆ ಇಪ್ಪತ್ತು. ಕೊಡದಲ್ಲಿ ನೀರು ಹೊತ್ತು ಹೋಗಿ ಒಂದೊಂದರ ಬುಡಕ್ಕೆ ಹನಿಸಿದರು, ದನ ಮೇಯದಂತೆ ಮುಳ್ಳು ಕಟ್ಟಿದರು. ನೆಡುವುದು ಒಂದು ದಿನದ ಕೆಲಸ. ಬೇಸಿಗೆಯಲ್ಲಿ ನೀರು ಹೊರುವುದು ವರ್ಷಗಳ ಕೆಲಸ. ಹಾಗೆ ಬೆಳೆದ ಮರ 385 ಎಂದು ಲೆಕ್ಕ ಹೇಳುತ್ತಾರೆ. 1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡಲು ಮರ ಕಡಿಯುವ ಮಾತು ಬಂದಾಗ ಅವರು ಮುಖ್ಯಮಂತ್ರಿಯವರೆಗೆ ಹೋಗಿ ಉಳಿಸಿಕೊಡಿ ಎಂದು ಕೇಳಿದರು. 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ, ಅವರೂ ಹೋದರು.

2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿದ ಮಾಗಡಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರಿನಡಿ ಬಂದಿದೆ. ಸೈಟಿನ ಬೋರ್ಡುಗಳು ಮಾಗಡಿ ರಸ್ತೆ ಹಿಡಿದು ವರ್ಷ ವರ್ಷವೂ ಮುಂದಕ್ಕೆ ಬರುತ್ತಿವೆ. ನೋಡಬೇಕೆಂದಿರುವವರು ಬೇಗ ಬನ್ನಿ, ಕಾರು ಬಿಟ್ಟು ಬಸ್ಸಿನಲ್ಲೇ ಬನ್ನಿ.

ಕುದೂರಿನ ಕಡೆಯಿಂದ ಬರುವಾಗ ಬಿಸಿಲಲ್ಲಿ ಕಾದ ಬಸ್ಸು ಆ ಮರಗಳಡಿ ನುಗ್ಗಿದ ಕೂಡಲೇ ಒಳಗೆಲ್ಲ ತಂಪಾಗುತ್ತದೆ. ತೂಕಡಿಸುತ್ತಿದ್ದವರು ಕಣ್ಣು ಬಿಡುತ್ತಾರೆ. ಮುಂಗಾರಿನ ಸಂಜೆ ನಾನೊಮ್ಮೆ ಅಲ್ಲಿ ಇಳಿದಿದ್ದೆ. ಆಚೆ ಹೊಲದ ಮೇಲೆ ಮಳೆ ಸುರಿಯುತ್ತಿತ್ತು, ಮರದಡಿಯ ಟಾರು ಇನ್ನೂ ನೆನೆದಿರಲಿಲ್ಲ. ಕುರಿ ಹೊಡೆದುಕೊಂಡು ಬಂದ ಮುದುಕ, ಸ್ಕೂಟರ್ ನಿಲ್ಲಿಸಿದ ಹುಡುಗ, ಸ್ಕೂಲ್ ಬ್ಯಾಗನ್ನು ಎದೆಗವಚಿಕೊಂಡ ಇಬ್ಬರು ಹೆಣ್ಣುಮಕ್ಕಳು ಒಂದೇ ಬೊಡ್ಡೆಗೆ ಒರಗಿ ನಿಂತಿದ್ದರು. ‘ಈಚೆ ಬಾರಪ್ಪ, ಅಲ್ಲಿ ಎರಚಲು’ ಎಂದು ಮುದುಕ ಸರಿದು ಜಾಗ ಕೊಟ್ಟ.