ಬಿಷಪ್ಪರ ಪೀಠವೂ ಸಭಾಪ್ರಾಂತದ ಪರಿಷತ್ತೂ

ಆಂಗ್ಲಿಕನ್ ಸಭೆಯಲ್ಲಿ ಬಿಷಪ್ಪರ ಮಾತೇ ಕೊನೆಯ ಮಾತೆಂದು ತಿಳಿದವರು ಬಹಳ. ಪೀಠ, ದಂಡ, ಮುಕುಟಗಳನ್ನು ಕಂಡವರಿಗೆ ಹಾಗೆ ತೋರುವುದು ಸಹಜವೇ. ಆದರೆ ಇಂಗ್ಲೆಂಡಿನಲ್ಲಿ ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರತಿಯೊಂದು ಸಭಾಪ್ರಾಂತದಲ್ಲಿಯೂ ‘ಸಿನಡ್’ ಎಂಬ ಪರಿಷತ್ತು ಇದೆ. ಬಿಷಪ್ಪರು ಅದರ ಅಧ್ಯಕ್ಷರೇ ಹೊರತು ಒಡೆಯರಲ್ಲ.

ಈ ವ್ಯವಸ್ಥೆ ಬಹು ಪುರಾತನವಾದುದೇನೂ ಅಲ್ಲ. ಶತಮಾನಗಳ ಕಾಲ ಅಲ್ಲಿ ಧರ್ಮಪರಿಷತ್ತಾಗಿ ಸೇರುತ್ತಿದ್ದವರು ಬಿಷಪ್ಪರು ಮತ್ತು ಪಾದ್ರಿಗಳು ಮಾತ್ರ. ಸಾಮಾನ್ಯ ಭಕ್ತರ ಪ್ರತಿನಿಧಿ ಪಾರ್ಲಿಮೆಂಟೇ ಎಂಬ ಭಾವನೆಯಿತ್ತು. ಭಕ್ತರಿಗೆ ಆಸನ ದೊರೆತದ್ದು ಕಡಲಾಚೆಯಲ್ಲಿ. ರಾಜಾಶ್ರಯ ಕಳಚಿದ ಅಮೆರಿಕದ ಸಭೆ 1785ರಲ್ಲಿಯೇ ಅವರನ್ನು ಕೂಡಿಸಿಕೊಂಡಿತು. ನ್ಯೂಜಿಲೆಂಡಿನಲ್ಲಿ ಬಿಷಪ್ ಜಾರ್ಜ್ ಸೆಲ್ವಿನ್ನರ ಮುಂದಾಳುತನದಲ್ಲಿ 1857ರ ಸಂವಿಧಾನವು ಬಿಷಪ್, ಪಾದ್ರಿ, ಭಕ್ತ ಎಂಬ ಮೂರು ವರ್ಗಗಳ ಸಮ್ಮತಿಯನ್ನೂ ಅಗತ್ಯಗೊಳಿಸಿತು. ನಮ್ಮಲ್ಲಿ 1947ರಲ್ಲಿ ಆಂಗ್ಲಿಕನ್ನರೂ ಇತರ ಪಂಗಡದವರೂ ಕೂಡಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದಾಗ ಪಾದ್ರಿಗಳೂ ಭಕ್ತರೂ ಕೂಡಿ ಕೂರುವ ಸಭಾಪ್ರಾಂತ ಪರಿಷತ್ತನ್ನು ಮೊದಲಿನಿಂದಲೇ ಇರಿಸಿಕೊಂಡರು. ಸ್ವತಃ ಇಂಗ್ಲೆಂಡಿಗೆ ಇಂದಿನ ರೂಪದ ಸಿನಡ್ ಬಂದುದು 1969ರ ಶಾಸನದಿಂದ. ಸಭೆ ಸಿದ್ಧಪಡಿಸಿದ ಪ್ರಾರ್ಥನಾ ಪುಸ್ತಕವನ್ನು 1927ರಲ್ಲಿ, ಮತ್ತೆ 1928ರಲ್ಲಿ, ಪಾರ್ಲಿಮೆಂಟು ತಳ್ಳಿಹಾಕಿದ ಕಹಿ ಅದರ ಹಿಂದಿತ್ತು.

ಸಿನಡ್ಡಿಗೆ ಮೂರು ಅಂಗಗಳು: ಬಿಷಪ್ಪರದು, ಪಾದ್ರಿಗಳದು, ಭಕ್ತರದು. ವಾರ್ಷಿಕ ಆಯವ್ಯಯ, ಊರೂರಿನ ಸಭೆಗಳು ತೆರಬೇಕಾದ ವಂತಿಗೆ ಇವೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಧರ್ಮಸಿದ್ಧಾಂತವನ್ನು ಘೋಷಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ. ಹಿರಿಯ ವಿಷಯಗಳಲ್ಲಿ ಸಿನಡ್ಡಿನೊಡನೆ ಸಮಾಲೋಚಿಸುವುದು ಬಿಷಪ್ಪರ ಇಚ್ಛೆಗೆ ಬಿಟ್ಟುದಲ್ಲ. ಅದು ಶಾಸನವೇ ವಿಧಿಸಿದ ಕರ್ತವ್ಯ. ಇನ್ನೂ ಗಮನಾರ್ಹವಾದುದು ಮತ್ತೊಂದಿದೆ. ಕೆಲವು ಮಹತ್ವದ ಬದಲಾವಣೆಗಳಿಗೆ ಕೇಂದ್ರದ ಮಹಾಸಿನಡ್ ಅಂತಿಮ ಮುದ್ರೆಯೊತ್ತುವ ಮುನ್ನ ಬಹುಸಂಖ್ಯಾತ ಸಭಾಪ್ರಾಂತಗಳು ಒಪ್ಪಿರಬೇಕು. ಆಗ ಎಣಿಕೆಗೆ ಬರುವುದು ಪಾದ್ರಿಗಳ ಮತ್ತು ಭಕ್ತರ ಮತಗಳು. ಬಿಷಪ್ಪರ ಮತ ದಾಖಲಾಗುವುದಾದರೂ ನಿರ್ಣಾಯಕವಲ್ಲ.

ಇದು ಬರಿಯ ಕಾಗದದ ಮಾತಲ್ಲವೆಂಬುದು 2012ರಲ್ಲಿ ತಿಳಿಯಿತು. ಜಗತ್ತಿನ ಆಂಗ್ಲಿಕನ್ ಸಭೆಗಳನ್ನು ಒಂದು ಒಡಂಬಡಿಕೆಯಿಂದ ಬಿಗಿಯುವ ಯೋಜನೆಯನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸರು ಹೃತ್ಪೂರ್ವಕವಾಗಿ ಬೆಂಬಲಿಸಿದ್ದರು. ಬಿಷಪ್ಪರಲ್ಲಿ ಬಹುಪಾಲು ಮಂದಿ ಅವರ ಪರವಾಗಿದ್ದರು. ಆದರೂ 44 ಸಭಾಪ್ರಾಂತಗಳಲ್ಲಿ 26 ಅದನ್ನು ತಿರಸ್ಕರಿಸಿದವು, 18 ಮಾತ್ರ ಒಪ್ಪಿದವು. ಯೋಜನೆ ಅಲ್ಲಿಗೇ ನಿಂತಿತು.

ಈ ಏರ್ಪಾಡಿನಲ್ಲಿ ತೊಡಕಿಲ್ಲವೆಂದಲ್ಲ. ಮಹಿಳೆಯರು ಬಿಷಪ್ಪರಾಗಬಹುದೆಂಬ ಮಸೂದೆಯನ್ನು 42 ಸಭಾಪ್ರಾಂತಗಳು ಒಪ್ಪಿದ್ದರೂ ಅದೇ ವರ್ಷದ ನವೆಂಬರಿನಲ್ಲಿ ಮಹಾಸಿನಡ್ಡಿನ ಭಕ್ತರ ಅಂಗದಲ್ಲಿ ಅದು ಬಿದ್ದುಹೋಯಿತು. ಪರವಾಗಿ 132, ವಿರುದ್ಧವಾಗಿ 74. ಮೂರನೆಯ ಎರಡು ಭಾಗಕ್ಕೆ ಆರು ಮತಗಳು ಕಡಿಮೆ. ಹೊಸ ಮಸೂದೆ 2014ರ ಜುಲೈನಲ್ಲಿ ಅಂಗೀಕೃತವಾಯಿತು. ಅದಕ್ಕೂ ಮೊದಲು ಅದನ್ನು ಮತ್ತೊಮ್ಮೆ ಎಲ್ಲ ಸಭಾಪ್ರಾಂತಗಳ ಮುಂದಿರಿಸಿಯೇ ತೀರಬೇಕಾಯಿತು.